ಕಸದ ಗಾಡಿ ಬಾರದ ಊರು

ಮಕ್ಕಳೇ, ಈ ವಾರ ಜಪಾನಿಗೆ ಹೋಗೋಣ. ಅಲ್ಲಿನ ಶಿಕೋಕು ದ್ವೀಪದ ಬೆಟ್ಟಗಳ ನಡುವೆ ಕಾಮಿಕಾತ್ಸು ಎಂಬ ಪುಟ್ಟ ಊರಿದೆ. ಸುತ್ತಲೂ ಕಾಡು, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಜನಸಂಖ್ಯೆ 1,500ಕ್ಕೂ ಕಡಿಮೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಾದವರು.

ಹಿಂದೆ ಇಲ್ಲಿನವರು ಕಿತ್ತಳೆ ಬೆಳೆದು ಬದುಕುತ್ತಿದ್ದರು. 1981ರ ಕಡು ಚಳಿಗೆ ಆ ಮರಗಳು ಸತ್ತವು. ಆಗ ಕೈಹಿಡಿದದ್ದು ಎಲೆ! ಜಪಾನಿನ ದೊಡ್ಡ ಹೋಟೆಲುಗಳಲ್ಲಿ ಊಟದ ತಟ್ಟೆಯನ್ನು ಎಲೆ, ಹೂಗಳಿಂದ ಸಿಂಗರಿಸುತ್ತಾರೆ. 1986ರಿಂದ ಊರಿನವರು ಅವನ್ನು ಕೊಯ್ದು, ಜೋಡಿಸಿ, ನಗರಗಳಿಗೆ ಕಳಿಸತೊಡಗಿದರು. ಎಲೆ ಹಗುರ, ಅಜ್ಜಿಯರಿಗೂ ಹೊರೆಯಲ್ಲ. ಇಂದು ಯಾವ ಎಲೆ ಬೇಕಾಗಿದೆ ಎಂದು ಅವರು ಕಂಪ್ಯೂಟರಿನಲ್ಲೇ ನೋಡಿಕೊಳ್ಳುತ್ತಾರೆ.

ಎಲೆಯಂತೆ ಕಸಕ್ಕೂ ಇಲ್ಲಿ ಬೆಲೆಯಿದೆ. 2020ರೊಳಗೆ ಕಸ ಸುಡುವುದನ್ನೂ ಹೂಳುವುದನ್ನೂ ನಿಲ್ಲಿಸುತ್ತೇವೆಂದು ಊರು 2003ರಲ್ಲಿ ಪಣತೊಟ್ಟಿತು. ಇಲ್ಲಿ ಮನೆಮನೆಗೆ ಕಸದ ಗಾಡಿ ಬರುವುದಿಲ್ಲ. ಅಡುಗೆಮನೆಯ ಕಸ ಮನೆಯಲ್ಲೇ ಗೊಬ್ಬರವಾಗುತ್ತದೆ. ಉಳಿದದ್ದನ್ನು ಜನರೇ ತೊಳೆದು, ಒಣಗಿಸಿ, ಕೇಂದ್ರಕ್ಕೆ ಒಯ್ದು ಸುಮಾರು 45 ಬಗೆಯಾಗಿ ವಿಂಗಡಿಸುತ್ತಾರೆ. ಬಾಟಲಿ ಬೇರೆ, ಮುಚ್ಚಳ ಬೇರೆ! ಬೇಡವಾದ ಬಟ್ಟೆ, ಪಾತ್ರೆಗಳನ್ನು ಅಲ್ಲಿನ ಅಂಗಡಿಯಲ್ಲಿಟ್ಟರೆ ಬೇಕಾದವರು ಪುಕ್ಕಟೆ ಒಯ್ಯಬಹುದು.

ಹೀಗೆ ನೂರರಲ್ಲಿ ಸುಮಾರು 80 ಪಾಲು ಕಸ ಮತ್ತೆ ಬಳಕೆಗೆ ಬರುತ್ತದೆ. ಪಣ ಮಾತ್ರ ಪೂರ್ತಿ ಗೆದ್ದಿಲ್ಲ. ಮಕ್ಕಳ ಡೈಪರ್, ಹಲವು ವಸ್ತು ಸೇರಿಸಿ ಅಂಟಿಸಿದ ಸಾಮಾನುಗಳನ್ನು ಎಷ್ಟು ತೊಳೆದರೂ ಬಿಡಿಸಲಾಗದು. ಅವನ್ನು ತಯಾರಿಸುವವರೇ ಬಿಡಿಸಲು ಬರುವಂತೆ ಮಾಡಬೇಕು. ಆ ಕೆಲಸ ನಾಳೆ ನಿಮ್ಮದೂ ಆಗಬಹುದು, ಅಲ್ಲವೇ?