ಅಕ್ಕನ ಕಂಕುಳಿನ ಕೂಸು

ಮಗುವನ್ನು ಬಾಲವಾಡಿಗೆ ಸೇರಿಸುವ ಮಾತು ಬಂದಾಗ ನಾವು ಆ ಮಗುವಿನ ಹಿತವನ್ನಷ್ಟೇ ಎಣಿಸುತ್ತೇವೆ. ಅದಕ್ಕೆ ಹಾಡು ಬಂದೀತು, ನಾಲ್ಕು ಮಕ್ಕಳೊಡನೆ ಬೆರೆಯುವುದು ಬಂದೀತು. ಸರಿಯೇ. ಆದರೆ ಅದನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತ ಇನ್ನೊಂದು ಮಗುವೂ ಇದೆಯಲ್ಲ! ಅವಳೇ ಅಕ್ಕ. ವಯಸ್ಸು ಏಳೋ ಎಂಟೋ.

ಈ ಅಕ್ಕನನ್ನು ಕಣ್ಣಿಟ್ಟು ನೋಡಿದವರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿದ ತಾರಾಬಾಯಿ ಮೋಡಕರು (1892–1973) ಒಬ್ಬರು. ದಾದರದ ಶಿಶುವಿಹಾರಕ್ಕಾಗಿ ದುಡಿದ ಆಕೆ 1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಹೋದರು; 1957ರಲ್ಲಿ ಡಹಾಣೂ ಬಳಿಯ ಕೋಸಬಾಡ ಗುಡ್ಡಕ್ಕೆ ಕಾರ್ಯವನ್ನು ವಿಸ್ತರಿಸಿದರು. ಜೊತೆಗಿದ್ದವರು ಅನುತಾಯಿ ವಾಘರು. ಬಡವರ ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯೇ ಅವರ ಅಂಗಳಕ್ಕೆ ನಡೆಯಿತು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಪಾಠವಾಯಿತು. ತಮ್ಮ ತಂಗಿಯರನ್ನು ಕಾಯುವ ಹುಡುಗಿಯರಿಗೆ? ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಸೇರಿಸಿ ‘ವಿಕಾಸವಾಡಿ’ ಎಂದು ಕರೆದರು. ಕೂಸನ್ನು ಅಲ್ಲಿ ಇಳಿಸಿದರೆ ಅಕ್ಕನ ಕೈಗೆ ಸ್ಲೇಟು ಬರುತ್ತಿತ್ತು. ಹುಡುಗಿ ಓದಬೇಕಾದರೆ ಶಾಲೆಯಲ್ಲಿ ತೊಟ್ಟಿಲೂ ಬೇಕು ಎಂಬುದು ಎಷ್ಟು ಸರಳ, ಎಷ್ಟು ದೊಡ್ಡ ವಿಚಾರ!

1975ರಲ್ಲಿ ದೇಶದ 33 ಕಡೆಗಳಲ್ಲಿ ಅಂಗನವಾಡಿಯ ಸರಕಾರಿ ಯೋಜನೆ ಆರಂಭವಾಯಿತು; ನಮ್ಮ ಟಿ. ನರಸೀಪುರವೂ ಅವುಗಳಲ್ಲೊಂದು. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರು ಶಾಲೆಗೆ ಬರಲು ಶಿಶುಗೃಹಗಳು ಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿತು.

“ಅದು ಗುಡ್ಡದ ಮೇಲಿನ ಮಾತು, ಡೊಂಬಿವಲಿಯ ಫ್ಲಾಟಿನಲ್ಲಿರುವ ನಮಗೇನು?” ಎಂದು ವಾಚಕರು ಕೇಳಬಹುದು. ನನ್ನ ಗುಮಾಸ್ತಿಕೆಯ ಭಾಷೆಯಲ್ಲಿಯೇ ಉತ್ತರಿಸುತ್ತೇನೆ. ಮಗುವಿಗೆ ಜ್ವರವೆಂದು ನೌಕರರು ಹಾಕಿದ ರಜೆಗೆ ಕಚೇರಿಯಲ್ಲಿ ರಿಜಿಸ್ಟರಿದೆ. ತಂದೆತಾಯಿಗಳಿಬ್ಬರೂ ಲೋಕಲ್ ಹಿಡಿದು ಹೋದ ದಿನ, ತಮ್ಮನಿಗೆ ಜ್ವರವೆಂದು ಹುಡುಗಿ ತಪ್ಪಿಸಿದ ಶಾಲೆಗೆ ಯಾವ ರಿಜಿಸ್ಟರಿದೆ? ಅಣ್ಣನಿಗಾದರೋ ‘ಕ್ಲಾಸ್’ ಇರುತ್ತದೆ. ಅವಳಿಗೂ ಕ್ಲಾಸ್ ಇರುತ್ತದೆಂಬುದು ಜ್ವರ ಬಂದ ದಿನವೇ ಏಕೋ ಮರೆತುಹೋಗುತ್ತದೆ!

2019ರಲ್ಲಿ ನಮ್ಮ ರಾಜ್ಯದ ಬಾಲಭಾರತಿಯವರು ಎರಡನೆಯ ತರಗತಿಯ ಪುಸ್ತಕದಲ್ಲಿ ಗಂಡಸೂ ಹೆಂಗಸೂ ಜೊತೆಗೆ ಕುಳಿತು ಸೊಪ್ಪು ತರಕಾರಿ ಸೋಸುವ ಚಿತ್ರ ಹಾಕಿದರು. ಒಳ್ಳೆಯದೇ. ಆದರೆ ಮಗು ಚಿತ್ರ ನೋಡಿ ತಲೆಯೆತ್ತಿ ಅಡಿಗೆಮನೆಯ ಕಡೆ ನೋಡುತ್ತದೆ. ಅಲ್ಲಿ ಅಪ್ಪ ಇಲ್ಲದಿದ್ದರೆ ಅದು ನಂಬುವುದು ಪುಸ್ತಕವನ್ನಲ್ಲ, ಮನೆಯನ್ನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಐದು ವರ್ಷದ ಹುಡುಗನಿಗೆ ತಂಗಿಯ ಬಾಯೊರೆಸಲು ಕಲಿಸಿದರೆ ಇಪ್ಪತ್ತೈದರಲ್ಲಿ ಉಪದೇಶ ಬೇಕಾಗದು.

ನಮ್ಮ ಸಂಘದ ನಾಟಕದ ದಿನ ಹಿಂದಿನ ಸಾಲನ್ನೊಮ್ಮೆ ತಿರುಗಿ ನೋಡಿ. ಅಳುವ ಕೂಸನ್ನು ತಟ್ಟುತ್ತ ಬಾಗಿಲಲ್ಲಿ ನಿಂತಿರುವವಳು ಹತ್ತು ವರ್ಷದ ಹುಡುಗಿ. ಅವಳ ಅಣ್ಣ ಮುಂದಿನ ಸಾಲಿನಲ್ಲಿ ಚಪ್ಪಾಳೆ ಹೊಡೆಯುತ್ತಿರುತ್ತಾನೆ. ಮುಂದಿನ ಕಾರ್ಯಕ್ರಮಕ್ಕೆ ಪಕ್ಕದ ಕೋಣೆಯಲ್ಲೊಂದು ಜಮಖಾನೆ ಹಾಸಿ, ಕೂಸುಗಳನ್ನು ಅಂಕಕ್ಕೊಬ್ಬರಂತೆ ಹಿರಿಯರೇ ನೋಡಿಕೊಳ್ಳೋಣ. ಮೊದಲನೆಯ ಸರದಿ ತಂದೆಯರದಾಗಲಿ. ಆ ಹುಡುಗಿಯೂ ಒಮ್ಮೆ ನಾಟಕವನ್ನು ಕೊನೆಯವರೆಗೆ ಕುಳಿತು ನೋಡಲಿ.