ಸೈಕಲ್ ಸ್ಟ್ಯಾಂಡ್ ಎರಡು ಮೀಟರ್ ಸರಿಯಲಿ

ಸೈಕಲ್ ಸ್ಟ್ಯಾಂಡ್ ದೊಡ್ಡದು ಮಾಡುವಾಗ ಕಚೇರಿ ಗೋಡೆಯ ಪಕ್ಕದ ಕಳ್ಳಿಯನ್ನು ತೆಗೆಸುತ್ತಾರಂತೆ ಎಂಬ ಸುದ್ದಿ ಕಳೆದ ವಾರ ನಮ್ಮ ತರಗತಿಗೆ ಬಂತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. "ಒಳ್ಳೇದಾಯ್ತು ಬಿಡು, ನನ್ನ ದುಪಟ್ಟಾ ಎರಡು ಸಲ ಹರಿದಿದೆ" ಎಂದಳು ಗೆಳತಿ. ಸ್ಟ್ಯಾಂಡ್ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಮಳೆಗಾಲದಲ್ಲಿ ನನ್ನ ಸೈಕಲ್ಲೂ ನೆನೆಯುತ್ತದೆ. ಆದರೆ ಅದಕ್ಕಾಗಿ ಕಳ್ಳಿ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವೂ ಇದೆ. ಏಕೆಂದರೆ ಅದರ ಜೋಡಿಯನ್ನು ಕೊಳೆಸಿದವಳು ನಾನೇ.

ಈ ವರ್ಷ ಸೇರಿದವರಿಗೆ ಗೊತ್ತಿರಲಿಕ್ಕಿಲ್ಲ, ಅಲ್ಲಿ ಎರಡು ಕಳ್ಳಿಗಳಿದ್ದವು. ಈಗ ನಿವೃತ್ತರಾಗಿರುವ ಅಟೆಂಡರ್ ಚಾಚಾ ಒಂದೊಂದು ಮೊಳದ ತುಂಡು ತಂದು, ಒಂದನ್ನು ನೆಲದಲ್ಲಿ, ಇನ್ನೊಂದನ್ನು ಸಿಮೆಂಟ್ ಕುಂಡದಲ್ಲಿ ನೆಟ್ಟಿದ್ದರು. ನೆಲದ್ದು ಇಂದು ಕಿಟಕಿಯ ಸಜ್ಜಾ ದಾಟಿ ನಿಂತಿದೆ. ಕುಂಡದ್ದು ನನ್ನ ಭುಜದವರೆಗೆ ಬಂದಿತ್ತು. ಪ್ರಥಮ ಪಿಯುಸಿಯಲ್ಲಿದ್ದಾಗ ಅದರ ಜವಾಬ್ದಾರಿ ನನ್ನ ಪಾಲಿಗೆ ಬಂತು.

ನಾನು ಮಾಡಿದ್ದು ನಮ್ಮ ಸೀಮೆಯ ಯಾರಾದರೂ ಮಾಡುವ ಕೆಲಸವೇ. ಅಬ್ಬಾ ನಾರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿಂದ ಒಂದು ಚೀಲ ನಾರಿನ ಪುಡಿ ತರಿಸಿ, ಸಗಣಿ ಗೊಬ್ಬರ ಬೆರೆಸಿ, ಕುಂಡದ ಹಳೇ ಮಣ್ಣು ತೆಗೆದು ಇದನ್ನು ತುಂಬಿದೆ. ದಿನಾ ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಮುಂಚೆ ಒಂದು ಮಗ್ ನೀರು. ಕಳ್ಳಿ ದಪ್ಪಗಾಯಿತು, ಹಸಿರು ಏರಿತು, ಮೇಡಂ ಕೂಡ ಹೊಗಳಿದರು. ಆಗಸ್ಟ್‌ನಲ್ಲಿ ಬುಡ ಕಂದು ಬಣ್ಣಕ್ಕೆ ತಿರುಗಿತು. ಒಂದು ಸೋಮವಾರ ಬಂದು ನೋಡಿದರೆ ಗೋಡೆಗೆ ಒರಗಿ ಬಿದ್ದಿತ್ತು. ಬುಡ ಮುಟ್ಟಿದರೆ ಕೊಳೆತ ಸೌತೆಕಾಯಿಯಂತೆ ಬೆರಳು ಒಳಗೆ ಹೋಯಿತು.

ಆ ಸಂಜೆಯೇ ಚಾಚಾರ ಮನೆಗೆ ಹೋದೆ. "ಚಾಚಾ, ಒಂದು ದಿನವೂ ನೀರು ತಪ್ಪಿಸಿರಲಿಲ್ಲ" ಎಂದೆ.

"ಅದಕ್ಕೇ ಹೋಗಿದ್ದು ಬೇಟಿ" ಎಂದರು. "ನಾನು ಬೇಸಿಗೇಲಿ ಹದಿನೈದು ದಿನಕ್ಕೊಂದು ಸಲ ಹಾಕ್ತಿದ್ದೆ. ಮಳೆ ಬಂದ್ರೆ ಅದೂ ಇಲ್ಲ."

ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಸ್ಪಂಜಿನಂತೆ ಹಿಡಿದಿಡುತ್ತದೆ. ಗುಲಾಬಿಗೆ, ಕರಿಬೇವಿಗೆ ಅದು ಒಳ್ಳೆಯದು. ಕಳ್ಳಿಯ ಬೇರಿಗೆ ನೀರಿಗಿಂತ ಗಾಳಿ ಮುಖ್ಯ. ಅದಕ್ಕೆ ಬೇಕಾದದ್ದು ಅರ್ಧದಷ್ಟು ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಸೇರಿದ ನಮ್ಮ ಕೆಂಪು ಮಣ್ಣು, ತಳದಲ್ಲಿ ತೂತು, ಮತ್ತು ಪೂರ್ತಿ ಒಣಗಿದ ಮೇಲೆ ಮಾತ್ರ ಇನ್ನೊಮ್ಮೆ ನೀರು. ಇಷ್ಟೇ. ಆದರೆ ನಮಗೆ ಇದು ಒಗ್ಗುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಆರೈಕೆ ಎಂದರೆ ನೀರು. ಬೇಸಿಗೆಯಲ್ಲಿ ಒಂದು ತೆಂಗಿಗೆ ದಿನಕ್ಕೆ 40-50 ಲೀಟರ್ ಹನಿ ನೀರಾದರೂ ಬೇಕು. ಬೋರ್‌ವೆಲ್ ನಿಂತರೆ ಮನೆಯಲ್ಲಿ ಮಾತೇ ನಿಲ್ಲುತ್ತದೆ. ಹೊನ್ನವಳ್ಳಿ ಕಡೆಯಿಂದ ಬರುವ ನನ್ನ ಗೆಳತಿ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲಳು.

ಈ ಗಿಡದ ಹೆಸರು ಸೀರಿಯಸ್. ನಗಬೇಡಿ, ನಿಜವಾಗಿಯೂ ಅದೇ. ಲ್ಯಾಟಿನ್‌ನಲ್ಲಿ ಮೇಣದ ಬತ್ತಿ ಎಂದರ್ಥ. ಹುಟ್ಟೂರು ದಕ್ಷಿಣ ಅಮೆರಿಕ. ನಮ್ಮ ಬೇಲಿಗಳಲ್ಲಿರುವ ಹಾಲು ಸುರಿಸುವ ಕಳ್ಳಿ ಇದರ ನೆಂಟನಲ್ಲ, ಅದು ಯೂಫೋರ್ಬಿಯಾ ಜಾತಿ. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಇದನ್ನು ಕತ್ತರಿಸಿದರೆ ಹಾಲು ಬರುವುದಿಲ್ಲ, ಅಂಟಂಟಾದ ನೀರಿನಂಥ ರಸ ಬರುತ್ತದೆ. ಎಲೆಗಳೇ ಮುಳ್ಳಾಗಿವೆ, ಕಾಂಡವೇ ಎಲೆಯ ಕೆಲಸ ಮಾಡುತ್ತದೆ, ಹಗಲು ಪತ್ರರಂಧ್ರ ಮುಚ್ಚಿ ರಾತ್ರಿ ತೆರೆಯುತ್ತದೆ ಎಂದು ಪಾಠದಲ್ಲಿ ಓದಿ ಅಂಕ ತೆಗೆದಿದ್ದೇವೆ. ಮಳೆ ಬಂದ ವಾರ ಅದರ ಏಣುಗಳು ಉಬ್ಬುವುದನ್ನೂ, ಏಪ್ರಿಲ್‌ನಲ್ಲಿ ಒಳಕ್ಕೆ ಕುಗ್ಗುವುದನ್ನೂ ಕಿಟಕಿಯಿಂದಲೇ ನೋಡಬಹುದು. ಎಷ್ಟು ಜನ ನೋಡಿದ್ದೇವೆ?

ಹೂವನ್ನಂತೂ ಯಾರೂ ನೋಡಿಲ್ಲ. ರಾತ್ರಿ ಅರಳಿ, ಬಿಸಿಲೇರುವ ಮೊದಲೇ ಬಾಡುತ್ತದೆ. ನಾವು ಕಾಲೇಜಿಗೆ ಬರುವ ಹೊತ್ತಿಗೆ ಅಲ್ಲಿರುವುದು ಜೋತುಬಿದ್ದ ಒಂದು ಮುದ್ದೆ, ಸುತ್ತ ಇರುವೆ. ಕಳೆದ ಜೂನ್‌ನಲ್ಲಿ ಮೊಗ್ಗು ದಪ್ಪವಾದದ್ದನ್ನು ಗಮನಿಸಿ, ಫಜ್ರ್ ನಮಾಜ್ ಮುಗಿಸಿ ಬಂದ ಅಬ್ಬಾನನ್ನು ಕಾಡಿ ಬೈಕಿನಲ್ಲಿ ಬಂದೆ. ವಾಚ್‌ಮನ್ ಅಂಕಲ್ ಗೇಟು ತೆಗೆದರು. ಬೆಳ್ಳಗೆ, ಅಂಗೈಗಿಂತ ದೊಡ್ಡದಾದ ನಾಲ್ಕು ಹೂಗಳು. ಅಬ್ಬಾ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದನ್ನ ನೀನು ಹಾಳು ಮಾಡಿಲ್ಲ ತಾನೇ?" ಎಂದರು.

ವಿರೋಧದ ಮಾತುಗಳನ್ನೂ ಕೇಳಿದ್ದೇನೆ. ಮುಳ್ಳಿನ ಗಿಡ ಬಾಗಿಲ ಬಳಿ ಇದ್ದರೆ ಜಗಳ ಎನ್ನುತ್ತಾರೆ. ಅದೇ ಬೀದಿಯಲ್ಲಿ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಕಳ್ಳಿ ತುಂಡು ಕಟ್ಟಿರುತ್ತಾರೆ. ಇಬ್ಬರೂ ಕೂತು ಮೊದಲು ತೀರ್ಮಾನಿಸಲಿ. ವಿದೇಶಿ ಗಿಡ, ಪಾಪಾಸುಕಳ್ಳಿಯಂತೆ ಹಬ್ಬೀತು ಎಂಬ ಮಾತಿನಲ್ಲಿ ಸತ್ವವಿದೆ. ದಕ್ಷಿಣ ಭಾರತದಲ್ಲಿ ಪಾಪಾಸುಕಳ್ಳಿಯನ್ನು ಹಿಡಿತಕ್ಕೆ ತರಲು 1926ರಲ್ಲಿ ಹೊರಗಿನಿಂದ ಕೀಟವನ್ನೇ ತರಬೇಕಾಯಿತು. ದಕ್ಷಿಣ ಆಫ್ರಿಕಾದಲ್ಲಿ ಸೀರಿಯಸ್ ಕುಲದ್ದೇ ಒಂದು ಕಳ್ಳಿ ಕಳೆಯಾಗಿ ಹಬ್ಬಿದೆ. ಹಾಗಾಗಿ ಇದರ ತುಂಡುಗಳನ್ನು ಕೆರೆ ಏರಿಗೋ ಗೋಮಾಳಕ್ಕೋ ಎಸೆಯಬಾರದು. ಕಿತ್ತು ಟ್ರ್ಯಾಕ್ಟರ್‌ನಲ್ಲಿ ಊರಾಚೆ ಸುರಿದರೆ ಆಗುವುದು ಅದೇ. ಕಾಂಪೌಂಡ್ ಒಳಗೆ ಇರುವುದೇ ಮೇಲು. ಇನ್ನು ದುಪಟ್ಟಾ ಹರಿಯುವ ದೂರು ನ್ಯಾಯವಾದದ್ದೇ. ಸುತ್ತ ಮೊಣಕಾಲೆತ್ತರಕ್ಕೆ ಇಟ್ಟಿಗೆ ಕಟ್ಟೆ ಕಟ್ಟಿದರೆ ಸಾಕು.

ಮುಂದಿನ ಹುಲ್ಲುಹಾಸಿಗೆ ಮಾರ್ಚ್‌ನಲ್ಲಿ ಟ್ಯಾಂಕರ್ ನೀರು ಬರುತ್ತದೆ. ನಮ್ಮ ವುಜೂ ನಲ್ಲಿಗಳ ಮೇಲೆ, ಹರಿಯುವ ಹೊಳೆಯ ಪಕ್ಕದಲ್ಲಿದ್ದರೂ ನೀರು ಪೋಲು ಮಾಡಬೇಡಿ ಎಂಬ ಹದೀಸಿನ ಸಾರಾಂಶ ಬರೆದಿದೆ. ಇಡೀ ಆವರಣದಲ್ಲಿ ಆ ಬೋರ್ಡನ್ನು ಪಾಲಿಸುತ್ತಿರುವ ಗಿಡ ಇದೊಂದೇ. ಅದನ್ನೇ ತೆಗೆದು ಹುಲ್ಲುಹಾಸನ್ನು ಉಳಿಸಿಕೊಳ್ಳುವುದು ನನಗಂತೂ ಅರ್ಥವಾಗುತ್ತಿಲ್ಲ.

ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ: ಸ್ಟ್ಯಾಂಡಿನ ಕೊನೆಯ ಕಂಬ ಎರಡು ಮೀಟರ್ ಈಚೆಗೆ ಬರಲಿ. ಮೂರೋ ನಾಲ್ಕೋ ಸೈಕಲ್ಲಿನ ಜಾಗ ಹೋಗುತ್ತದೆ, ಅಷ್ಟೇ. ಅದು ಆಗುವುದೇ ಇಲ್ಲ ಎಂದಾದರೆ ದಯವಿಟ್ಟು ಜೆಸಿಬಿ ತರಿಸಬೇಡಿ. ತೆಂಗಿಗೆ ಸುಳಿ ಹೋದರೆ ಮರವೇ ಹೋಯಿತು. ಕಳ್ಳಿ ಹಾಗಲ್ಲ. ತಲೆ ಕತ್ತರಿಸಿದರೆ ಬುಡ ಪಕ್ಕದಲ್ಲಿ ಚಿಗುರುತ್ತದೆ, ತಲೆ ಬೇರು ಬಿಡುತ್ತದೆ. ಪರೀಕ್ಷೆ ಮುಗಿದ ಒಣ ದಿನಗಳಲ್ಲಿ ಎರಡೆರಡು ಅಡಿಯ ತುಂಡು ಮಾಡಿ, ಯಾವ ತುದಿ ಮೇಲಿನದು ಎಂದು ಗುರುತು ಹಾಕಿ, ನೆರಳಿನಲ್ಲಿ ಹತ್ತು ಹದಿನೈದು ದಿನ ಗಾಯ ಒಣಗಿ ಗಟ್ಟಿಯಾಗುವವರೆಗೆ ಇಡಬೇಕು. ನೆಟ್ಟ ಮೇಲೆ ಊರುಗೋಲು ಕಟ್ಟಿ, ಎರಡು ವಾರ ನೀರು ಮುಟ್ಟಿಸಬಾರದು. ಚಾಚಾ ಹೇಳಿಕೊಟ್ಟಂತೆ, ಬಿದ್ದ ಕಳ್ಳಿಯ ಕೊಳೆಯದ ಮೇಲ್ಭಾಗವನ್ನು ನಾನು ಹೀಗೇ ಉಳಿಸಿಕೊಂಡೆ. ಅದು ಈಗ ನಮ್ಮ ಮನೆಯ ತಾರಸಿಯಲ್ಲಿದೆ, ನಾಲ್ಕು ಬೆರಳು ಹೊಸದಾಗಿ ಬೆಳೆದಿದೆ.

ಮುಳ್ಳು ತಾಗದಂತೆ ಹಿಡಿಯಲು ದಪ್ಪ ಗೋಣಿಚೀಲ ಬೇಕಾಗುತ್ತದೆ. ಕೊಬ್ಬರಿ ತುಂಬಿದ ಹಳೇ ಚೀಲಗಳು ಮನೆಯಲ್ಲಿವೆ, ನಾನು ತರುತ್ತೇನೆ. ಚಾಚಾ ತಾವೂ ಬರುತ್ತೇನೆ ಎಂದಿದ್ದಾರೆ.