ಪದಗಳನ್ನು ಹೇಗೆ ಜೋಡಿಸಿದರೂ ಅರ್ಥ ಬದಲಾಗದ ಭಾಷೆ ಕನ್ನಡ ಒಂದೇನಾ?

‘ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡದ ಜಗತ್ತಿನ ಏಕೈಕ ಭಾಷೆ ಕನ್ನಡ, ಹೆಮ್ಮೆಯಿಂದ ಶೇರ್ ಮಾಡಿ’ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಬಳಿ ಒಂದು ಅಪಘಾತ ಆಯಿತು ಎಂದುಕೊಳ್ಳಿ. ‘ಬಸ್ಸು ಲಾರಿಗೆ ಗುದ್ದಿತು’ ಎಂದರೂ, ‘ಲಾರಿಗೆ ಬಸ್ಸು ಗುದ್ದಿತು’ ಎಂದರೂ ಗುದ್ದಿದ್ದು ಬಸ್ಸೇ. ಇಂಗ್ಲಿಷಿನಲ್ಲಿ ಹೀಗೆ ಅದಲುಬದಲು ಮಾಡಿದರೆ ಕೇಸು ಲಾರಿ ಡ್ರೈವರ್ ಮೇಲೆ ಬೀಳುತ್ತದೆ! ಕನ್ನಡದಲ್ಲಿ ಕರ್ತೃ ಯಾರು, ಪೆಟ್ಟು ತಿಂದವರು ಯಾರು ಎಂದು ಹೇಳುವುದು ‘ಗೆ’ ಎಂಬ ಪ್ರತ್ಯಯ. ಅದನ್ನು ತೆಗೆದು ‘ಬಸ್ಸು ಲಾರಿ ಗುದ್ದಿತು’ ಎಂದು ಫಾರ್ವರ್ಡ್ ಮಾಡಿದರೆ ತಪ್ಪು ಯಾರದ್ದೆಂದು ಓದಿದವರೇ ಊಹಿಸಬೇಕು.

ಆದರೆ ‘ಏಕೈಕ’ ಎನ್ನುವುದು ಸುಳ್ಳು. ಹಲಸೂರಿನಲ್ಲಿ ಕೇಳುವ ತಮಿಳು, ತೆಲುಗು ಎರಡಕ್ಕೂ ಇಂಥ ಪ್ರತ್ಯಯಗಳಿವೆ. ಶಿವಾಜಿನಗರದ ದಖ್ಖನಿ ಉರ್ದುವಿನಲ್ಲಿ ‘ಕು’ ಇದೇ ಕೆಲಸ ಮಾಡುತ್ತದೆ. ದೂರದ ಫಿನ್ಲೆಂಡಿಗೆ ಹೋದರೆ, ಫಿನ್ನಿಶ್ ಭಾಷೆಗೆ ಸುಮಾರು 15 ವಿಭಕ್ತಿಗಳು. ಅಲ್ಲಿ ‘ಪೊಯ್ಕ’ ಎಂದರೆ ಹುಡುಗ, ಕೊನೆಯ ಸ್ವರ ಎಳೆದು ‘ಪೊಯ್ಕಾ’ ಎಂದರೆ ಹುಡುಗನನ್ನು. ‘ಕೊಯ್ರ ಪುರಿ ಪೊಯ್ಕಾ’ ಎಂದರೂ ‘ಪೊಯ್ಕಾ ಪುರಿ ಕೊಯ್ರ’ ಎಂದರೂ ಕಚ್ಚಿದ್ದು ನಾಯಿಯೇ. (ಹಾಗೆಂದು ಎರಡೂ ನೆಂಟ ಭಾಷೆಗಳು ಎಂದು ಇನ್ನೊಂದು ಫಾರ್ವರ್ಡ್ ಹುಟ್ಟಿಸಬೇಡಿ. ಕನ್ನಡ ದ್ರಾವಿಡ, ಫಿನ್ನಿಶ್ ಉರಾಲಿಕ್.)

‘ಹೇಗೆ ಜೋಡಿಸಿದರೂ’ ಎಂಬುದೂ ಪೂರ್ತಿ ನಿಜವಲ್ಲ. ‘ಇಂದಿರಾನಗರದ ಹಳೇ ಮನೆ’ ಬೇರೆ, ‘ಹಳೇ ಇಂದಿರಾನಗರದ ಮನೆ’ ಬೇರೆ. ಅರ್ಥ ಉಳಿದಾಗಲೂ ಒತ್ತು ಸರಿಯುತ್ತದೆ: ‘ಶಿವಾಜಿನಗರಕ್ಕೆ ನಾನು ಹೋಗ್ತೀನಿ’ ಎನ್ನುವುದು ‘ಯಾರು ಹೋಗ್ತೀರಿ?’ ಎಂಬ ಪ್ರಶ್ನೆಗೆ ಉತ್ತರ.

ಶಾಲೆಯಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿಸುತ್ತಾರೆ. ‘ಹಲಸೂರಿನ ದೆಸೆಯಿಂದ ಬಂದೆ’ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ಹಾಕಿದ್ದರಿಂದ ಇಂಥ ತೊಡಕುಗಳಾದವು ಎಂದು ವಾದಿಸಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್. ಅವರ ವಾದ ನಮಗೆ ಸರಿ ಎನಿಸುತ್ತದೆ.

ನಿಮ್ಮ ಆಫೀಸಿನಲ್ಲಿ ಯಾರಾದರೂ ಹೊಸದಾಗಿ ಕನ್ನಡ ಕಲಿಯುತ್ತಿದ್ದರೆ ಏಳು ವಿಭಕ್ತಿಗಳ ಪಟ್ಟಿ ಕೊಡಬೇಡಿ. ಮೊದಲು ‘ಇಂದ’ ಮತ್ತು ‘ಗೆ/ಕ್ಕೆ’ ಹೇಳಿಕೊಡಿ. ‘ಹಲಸೂರು ಶಿವಾಜಿನಗರ’ ಎಂದರೆ ಆಟೋದವರು ಇನ್ನೊಮ್ಮೆ ಕೇಳಬೇಕಾದೀತು. ‘ಶಿವಾಜಿನಗರಕ್ಕೆ, ಹಲಸೂರಿಂದ’ ಎಂದು ತಿರುಗಿಸಿ ಹೇಳಿದರೂ ಗಾಡಿ ಸರಿಯಾದ ಕಡೆಗೇ ಹೊರಡುತ್ತದೆ.